ಮೆಣಸು ಲಂಕೆಯದ್ದಾ, ಕಾಗದ ಮಾತ್ರ ಲಂಕೆಯದ್ದಾ?

ಬೆಳ್ತಂಗಡಿ ತಾಲೂಕಿನ ಓದುಗರೊಬ್ಬರ ಪತ್ರ: "ಮೂರು ಎಕರೆ ಅಡಿಕೆ ತೋಟ ಉಂಟು. ಮರಗಳಿಗೆ ಒಳ್ಳೆಮೆಣಸಿನ ಬಳ್ಳಿ ಬಿಟ್ಟಿದ್ದೇನೆ. ರೇಟು ಏರುತ್ತದೆ ಅನ್ನುವಾಗಲೇ ಶ್ರೀಲಂಕಾದ ಮೆಣಸು ಬಂದು ಬೀಳುತ್ತದೆ. ಆ ದೇಶ ದಿವಾಳಿಯಾದಾಗ ಕೈಹಿಡಿದವರು ನಾವು. ಈಗ ನಮ್ಮ ಹೊಟ್ಟೆಗೇ ಹೊಡೆಯುತ್ತಾರೆ. ಅಲ್ಲಿಂದ ಮೆಣಸು ತರುವುದನ್ನು ಪೂರ್ತಿ ನಿಲ್ಲಿಸಬೇಕು ಎಂದು ನೀವು ಯಾಕೆ ಬರೆಯುವುದಿಲ್ಲ? ನಮ್ಮ ಮೆಣಸು ಹೇಗುಂಟು ನೋಡಿ, ಒಂದು ಪೊಟ್ಟಣ ಕಳಿಸಿದ್ದೇನೆ."

ಸಂಪಾದಕರ ಉತ್ತರ:

ಬರೆಯುವುದಿಲ್ಲ ಮಾರಾಯ್ರೇ. ಯಾಕೆ ಅಂತ ಹೇಳುತ್ತೇನೆ, ಸ್ವಲ್ಪ ಉದ್ದ ಆದೀತು.

ನಿಮ್ಮ ಸಂಕಟ ಸುಳ್ಳಲ್ಲ. ಒಂದು ಮಳೆಗಾಲದ ಸೊರಗು ರೋಗಕ್ಕೆ ಹತ್ತು ವರ್ಷದ ಬಳ್ಳಿ ಹೋಗುತ್ತದೆ. ಏಣಿ ಹತ್ತಿ ಮೆಣಸು ಕೊಯ್ಯುವ ಜನ ಸಿಗುವುದಿಲ್ಲ, ಸಿಕ್ಕಿದರೆ ಸಂಬಳ ಕೇಳಿ ನಾವೇ ಏಣಿಯಿಂದ ಬೀಳಬೇಕು. ಅಷ್ಟಾದ ಮೇಲೆ ರೇಟೂ ಬಿದ್ದರೆ ಸಿಟ್ಟು ಬಾರದೆ ಇರುತ್ತದಾ? ಒಪ್ಪಿದೆ. ಆದರೆ ಸಿಟ್ಟು ಯಾರ ಮೇಲೆ ಅನ್ನುವಲ್ಲಿ ನೀವು ತಪ್ಪಿದ್ದೀರಿ.

ನಮ್ಮ ಅಜ್ಜ ಇಲ್ಲೇ ಮಂಗಳೂರಿನ ಬಂದರಿನಲ್ಲಿ ಒಂದು ಮಂಡಿಯಲ್ಲಿ ಲೆಕ್ಕ ಬರೆಯುತ್ತಿದ್ದರು. ಘಟ್ಟದಿಂದ ಇಳಿದು ಬಂದ ಮೆಣಸಿನ ಗೋಣಿಗೆ ಕೈ ಹಾಕಿ ಒಂದು ಮುಷ್ಟಿ ತೆಗೆದು ನೀರಿಗೆ ಬಿಡುತ್ತಿದ್ದರಂತೆ. ಮುಳುಗಿದ್ದು ಮೆಣಸು, ತೇಲಿದ್ದು ಜಳ್ಳು. ಕೆಲವೊಮ್ಮೆ ತೇಲುವುದು ಪಪ್ಪಾಯಿ ಬೀಜ. ಅದನ್ನು ಬೆರೆಸಿದವರು ಲಂಕೆಯವರಲ್ಲ, ನಮ್ಮವರೇ. "ಊರು ಕೇಳಬೇಡ, ಕಾಳು ನೋಡು" ಎಂದು ಅಜ್ಜ ಹೇಳುತ್ತಿದ್ದರು. ಈಗಿನ ಗಲಾಟೆಯಲ್ಲಿ ಕಾಳು ಯಾರೂ ನೋಡುವುದಿಲ್ಲ. ಕಾಗದ ನೋಡುತ್ತಾರೆ.

ಎಂತ ಕಾಗದ? 1998ರ ಡಿಸೆಂಬರಿನಲ್ಲಿ ವಾಜಪೇಯಿ ಮತ್ತು ಚಂದ್ರಿಕಾ ಕುಮಾರತುಂಗ ದೆಹಲಿಯಲ್ಲಿ ಮುಕ್ತ ವ್ಯಾಪಾರ ಒಪ್ಪಂದಕ್ಕೆ ಸಹಿ ಹಾಕಿದರು. 2000ದ ಮಾರ್ಚಿನಿಂದ ಅದು ಜಾರಿಯಲ್ಲುಂಟು. ಅದರ ಲೆಕ್ಕದಲ್ಲಿ ಲಂಕೆಯಿಂದ ವರ್ಷಕ್ಕೆ 2,500 ಟನ್ ಮೆಣಸು ಸುಂಕ ಇಲ್ಲದೆ ಬರಬಹುದು. ಅದರಾಚೆಗಿನದ್ದಕ್ಕೆ ಸಾರ್ಕ್ ದೇಶಗಳ ಒಪ್ಪಂದದಂತೆ ಶೇಕಡಾ 8 ಸುಂಕ. ಅದೇ ಮೆಣಸು ವಿಯೆಟ್ನಾಂನಿಂದ ನೇರ ಬಂದರೆ ಶೇಕಡಾ 50ರ ಆಸುಪಾಸು. ಒಪ್ಪಂದವೇ ಇಲ್ಲದ ದೇಶದಿಂದ ಬಂದರೆ ಶೇಕಡಾ 70. ಈಗ ನೀವೇ ಹೇಳಿ, ಕೈಚಳಕದ ವ್ಯಾಪಾರಿ ಎಂತ ಮಾಡುತ್ತಾನೆ? ವಿಯೆಟ್ನಾಂ ಮೆಣಸನ್ನು ಕೊಲಂಬೊದಲ್ಲಿ ಇಳಿಸಿ, ಇದು ಲಂಕೆಯದ್ದು ಎಂಬ ಪ್ರಮಾಣಪತ್ರ ಮಾಡಿಸಿ, ತೂತುಕುಡಿಗೆ ಹತ್ತಿಸುತ್ತಾನೆ. ಹೊರಗಿನ ಸರಕು ಸೇರಿದ್ದರೆ ಶೇಕಡಾ 35ರಷ್ಟು ಮೌಲ್ಯ ಲಂಕೆಯಲ್ಲೇ ಸೇರಿರಬೇಕು ಎಂಬ ನಿಯಮ ಉಂಟು. ಗೋಣಿ ಬದಲಾಯಿಸಿದರೆ ಅಷ್ಟು ಮೌಲ್ಯ ಎಲ್ಲಿಂದ ಬರಬೇಕು!

ಇದರಿಂದ ಹೊಡೆತ ತಿಂದವರು ನೀವು ಮಾತ್ರವಾ? ಕೆಲವು ವರ್ಷಗಳ ಹಿಂದೆ ಲಂಕೆಯ ಮಾತಲೆ ಕಡೆಗೆ ಹೋಗಿದ್ದೆ. ಕ್ಯಾಂಡಿಯಿಂದ ಉತ್ತರಕ್ಕೆ, ಅಲ್ಲಿ ಮೆಣಸು ಚೆನ್ನಾಗಿ ಬರುತ್ತದೆ. ನಮ್ಮ ಹಾಗೆ ಅಡಿಕೆ ಮರಕ್ಕಲ್ಲ, ಗೊಬ್ಬರದ ಗಿಡಕ್ಕೆ (ಗ್ಲಿರಿಸಿಡಿಯಾ) ಬಳ್ಳಿ ಹಬ್ಬಿಸುತ್ತಾರೆ. ಅಂಗಳದಲ್ಲಿ ಮೆಣಸು ಹರವಿಟ್ಟು ಕೋಳಿ ಓಡಿಸುತ್ತಿದ್ದ ಒಬ್ಬ ಹೆಂಗಸು, ಥೇಟ್ ನಮ್ಮ ದೊಡ್ಡಮ್ಮನೇ. ನಾನು ಭಾರತದವನು ಅಂದದ್ದೇ ತಡ, ಅವರ ಮಗ ರೇಟಿನ ಕತೆ ಶುರು ಮಾಡಿದ. ನಿಮ್ಮ ಪತ್ರದಲ್ಲಿರುವ ಮಾತುಗಳೇ, ಊರಿನ ಹೆಸರು ಮಾತ್ರ ಬೇರೆ. ಹೊರಗಿನ ಮೆಣಸು ತಂದು ಲಂಕೆಯ ಹೆಸರಲ್ಲಿ ಕಳಿಸುತ್ತಾರೆ, ನಮ್ಮ ಹೆಸರೂ ಹಾಳು, ರೇಟೂ ಹಾಳು ಎಂದು. ಅಲ್ಲಿಯ ಬೆಳೆಗಾರರು ಕೂಗಾಡಿದ ಮೇಲೆಯೇ ಮರುರಫ್ತಿಗೆಂದು ಮೆಣಸು, ಅಡಿಕೆ ತರಿಸುವುದನ್ನು ಅವರ ಸರ್ಕಾರ ನಿಲ್ಲಿಸಿದ್ದು. (ಆ ಮನೆಯ ಮಾಡಿಗೆ ನಮ್ಮದೇ ಮಾದರಿಯ ಹಂಚು. ಕೇಳಿದರೆ "ಕ್ಯಾಲಿಕಟ್ ಹಂಚು" ಅಂದರು! 1865ರಿಂದ ಮಂಗಳೂರಿನಲ್ಲಿ ಹಂಚು ಸುಟ್ಟು ಸಿಲೋನ್, ಬರ್ಮಾಕ್ಕೆಲ್ಲ ಹಡಗು ತುಂಬಿಸಿದವರು ನಾವು. ಲಂಕೆಯವರ ಮೇಲೆ ನನಗೆ ಸಿಟ್ಟಿರುವುದು ಅದೊಂದೇ ವಿಷಯಕ್ಕೆ.)

ಈ ಕಾಗದದ ಆಟದಲ್ಲಿ ನಮ್ಮವರೇನು ಹಿಂದೆ ಬಿದ್ದವರಲ್ಲ. ಒಪ್ಪಂದ ಆದ ಹೊಸತರಲ್ಲಿ ವನಸ್ಪತಿಯ, ಅಂದರೆ ತಾಳೆ ಎಣ್ಣೆಯಿಂದ ಮಾಡುವ ಡಾಲ್ಡಾದಂಥ ತುಪ್ಪದ ಕತೆ ನಡೆಯಿತು. ಇಲ್ಲಿ ತಾಳೆ ಎಣ್ಣೆಗೆ ಸುಂಕ ಜಾಸ್ತಿ, ಲಂಕೆಯಲ್ಲಿ ಕಡಿಮೆ. ನಮ್ಮ ಉದ್ಯಮಿಗಳೇ ಅಲ್ಲಿ ಹೋಗಿ ಕಾರ್ಖಾನೆ ಹಾಕಿದರು. ಎಣ್ಣೆ ಇಂಡೋನೇಷ್ಯಾ, ಮಲೇಷ್ಯಾದ್ದು, ದುಡ್ಡು ಭಾರತದ್ದು, ತಿನ್ನುವವರೂ ಭಾರತದವರು. ಲಂಕೆಯದ್ದು ಅನ್ನಲು ಇದ್ದದ್ದು ವಿಳಾಸ. ಕೊನೆಗೆ ದೆಹಲಿಯವರು 2.5 ಲಕ್ಷ ಟನ್ನಿನ ಮಿತಿ ಹಾಕಿದರು, ಆ ಕಾರ್ಖಾನೆಗಳು ಒಂದೊಂದಾಗಿ ಮುಚ್ಚಿದವು.

ಮೆಣಸಿಗೂ ತಡೆ ಹಾಕಿ ಆಗಿದೆಯಲ್ಲ. 2017ರ ಡಿಸೆಂಬರಿನಲ್ಲಿ ಕಿಲೋಗೆ 500 ರೂಪಾಯಿಯ ಕನಿಷ್ಠ ಆಮದು ಬೆಲೆ ಬಂತು. ಅದಕ್ಕಿಂತ ಅಗ್ಗದ್ದು ತರುವ ಹಾಗಿಲ್ಲ. ಆಮೇಲೆ ಎಂತಾಯಿತು? ಬಿಲ್ಲಿನಲ್ಲಿ 500ಕ್ಕಿಂತ ಜಾಸ್ತಿ ಬರೆದು ಅಗ್ಗದ್ದನ್ನೇ ತರುತ್ತಾರೆ ಎಂಬ ದೂರು ಬಂತು, ಅದೂ ಬೆಳೆಗಾರರಿಂದಲೇ. ಸತ್ವ ತೆಗೆದು ರಫ್ತು ಮಾಡುವ ಕಾರ್ಖಾನೆಗಳಿಗೆ ಈ ಬೆಲೆಯಿಂದ ವಿನಾಯಿತಿಯೂ ಉಂಟು. ಅವರಿಗೆ ಲಂಕೆಯ ಮೆಣಸೇ ಬೇಕು, ಅದರಲ್ಲಿ ಖಾರದ ಅಂಶ ಜಾಸ್ತಿ. ಹಾಗಾಗಿ ನೀವು ಕೇಳುವ ಪೂರ್ತಿ ನಿಷೇಧ ಬಂದರೆ ಮಾತಲೆಯ ಆ ಹೆಂಗಸಿನ ಗೋಣಿ ನಿಲ್ಲುತ್ತದೆ. ಕೈಚಳಕದವನು ಬೇರೆ ದಾರಿ ಹುಡುಕುತ್ತಾನೆ. ಅವನಿಗೆ ದಾರಿ ಹುಡುಕುವುದೇ ಕಸುಬು.

ಇನ್ನು ಕೈಹಿಡಿದ ಮಾತು. 2022ರಲ್ಲಿ ನಾವು ಕೊಟ್ಟ ನೆರವು ಸುಮಾರು 400 ಕೋಟಿ ಡಾಲರ್, ನಿಜ. ಅದರಲ್ಲಿ 100 ಕೋಟಿ ಡಾಲರಿನ ಒಂದು ಸಾಲ ಕೊಟ್ಟದ್ದು ಆಹಾರ, ಔಷಧಗಳನ್ನು ಭಾರತದಿಂದಲೇ ಕೊಳ್ಳಲಿಕ್ಕೆ. ಅಂಗಡಿಯವನು ಗಿರಾಕಿಗೆ ಸಾಲ ಬರೆದುಕೊಂಡ ಹಾಗೆ. ತಪ್ಪಲ್ಲ, ಆದರೆ ಅದನ್ನು ಅನ್ನದಾನ ಅನ್ನಬೇಡಿ. ಮಾಮೂಲಿ ವರ್ಷಗಳಲ್ಲೂ ನಾವು ಲಂಕೆಗೆ ಮಾರುವುದು ಅವರಿಂದ ಕೊಳ್ಳುವುದರ ಹಲವು ಪಟ್ಟು. ಕೊಲಂಬೊದ ರಸ್ತೆಯಲ್ಲಿ ನಿಂತರೆ ಎದುರಿಗೆ ಬರುವ ರಿಕ್ಷಾಗಳೆಲ್ಲ ಬಜಾಜ್. ಇಷ್ಟು ಮಾರಿದ ಮೇಲೆ ಅವರ ಎರಡು ಗೋಣಿ ಮೆಣಸಿಗೆ ಮುಖ ಸಿಂಡರಿಸುವುದು ಚಂದವಾ?

ಹೊರಗಿನದ್ದು ಬೇಡ ಅಂತ ಹೊರಟರೆ ನಮ್ಮ ಊರಲ್ಲಿ ಎಂತ ಉಳಿಯುತ್ತದೆ ಹೇಳಿ. ಆಫ್ರಿಕಾದ ಬೀಜ ಬಾರದಿದ್ದರೆ ಇಲ್ಲಿಯ ಗೇರುಬೀಜ ಕಾರ್ಖಾನೆಗಳು ವರ್ಷದಲ್ಲಿ ಎಷ್ಟು ತಿಂಗಳು ನಡೆದಾವು? ಸಂಜೆಯ ಗೋಳಿಬಜೆ ಯಾವ ಎಣ್ಣೆಯಲ್ಲಿ ಕರಿದದ್ದು ಅಂತ ಹೋಟೆಲಿನವರನ್ನು ಕೇಳಿ ನೋಡಿ. ಪಣಂಬೂರಿನ ಹೊಸ ಬಂದರಿಗೆ ಹಡಗಿನಲ್ಲಿ ಬಂದ ತಾಳೆ ಎಣ್ಣೆ ಬಾಣಲೆ ಸೇರುವುದಕ್ಕೆ ಯಾರೂ ಪತ್ರ ಬರೆಯುವುದಿಲ್ಲ.

ನನ್ನ ಹೊಟ್ಟೆಕಿಚ್ಚು ಬೇರೆಯೇ ಉಂಟು. ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿ ಅಂದ ಕರಾವಳಿ ಇದು. ಹಳೆ ಧಕ್ಕೆಯಲ್ಲಿ ಇವತ್ತಿಗೂ ಲಕ್ಷದ್ವೀಪಕ್ಕೆ ಹೋಗುವ ಮಂಜಿಗೆ (ಸರಕಿನ ಮರದ ಹಡಗು) ಸಾಮಾನು ತುಂಬುತ್ತಾರೆ, ನಿಂತು ನೋಡುವವರಿಲ್ಲ. ನಮ್ಮ ಮಕ್ಕಳಿಗೆ ಬೆಂಗಳೂರಿನ ಬಸ್ಸಿನ ಟೈಮು ಗೊತ್ತು, ಬಂದರಿಗೆ ಯಾವ ಹಡಗು ಬಂದಿದೆ ಗೊತ್ತಿಲ್ಲ. ಸಮುದ್ರ ಅಂದರೆ ಭಾನುವಾರ ಚರುಮುರಿ ತಿನ್ನುವ ಜಾಗ ಆಗಿಬಿಟ್ಟಿದೆ. ನಿಮ್ಮ ಮೆಣಸು ಲಾರಿ ಹತ್ತಿ ಕೊಚ್ಚಿಗೆ ಹೋಗಿ ಅಲ್ಲಿಂದ ಮಸಾಲೆಯಾಗಿ ದೇಶ ಸುತ್ತುವಾಗ, ಇಲ್ಲೇ ಪುಡಿ ಮಾಡಿ, ಊರಿನ ಹೆಸರು ಹಾಕಿ ಮಾರಬಾರದಾ ಅಂತ ಕೇಳುವವರು ಎಷ್ಟು ಜನ? ಆ ವಿಷಯಕ್ಕೆ ಒಂದು ಪತ್ರ ಬರೆಯಿರಿ, ಮುಖಪುಟದಲ್ಲೇ ಹಾಕುತ್ತೇನೆ. ಪ್ರಮಾಣಪತ್ರದ ಜೊತೆ ಕಾಳನ್ನೂ ಪರೀಕ್ಷೆ ಮಾಡಿ ಎಂದು ಬರೆದರೆ ಅದನ್ನೂ ಹಾಕುತ್ತೇನೆ.

ಪೊಟ್ಟಣ ಸಿಕ್ಕಿತು. ಅಜ್ಜನ ಹಾಗೆ ಒಂದು ಮುಷ್ಟಿ ನೀರಿಗೆ ಬಿಟ್ಟೆ. ನಾಲ್ಕು ಕಾಳು ತೇಲಿತು, ಉಳಿದದ್ದೆಲ್ಲ ತಳಕ್ಕೆ ಹೋಯಿತು. ರಾತ್ರಿ ಮನೆಯಲ್ಲಿ ಮೆಣಸು ಸಾರು.