29 ವಾರಕ್ಕೆ ಹುಟ್ಟಿದ ಮಗುವಿಗೆ ಏಳು ತಿಂಗಳಲ್ಲಿ 5.6 ಕೆಜಿ ಕಡಿಮೆಯೇ?

ಸಕಲೇಶಪುರದಿಂದ ಕೇಳಿದ್ದೀರಿ. ಹೆಣ್ಣು ಮಗು 29 ವಾರಕ್ಕೇ ಹುಟ್ಟಿತು, ಈಗ ಏಳು ತಿಂಗಳು ತುಂಬಿ 5.6 ಕೆಜಿ ಇದೆ. ಅಂಗನವಾಡಿಯ ಬೆಳವಣಿಗೆ ಚಾರ್ಟಿನಲ್ಲಿ ಗುರುತು ಹಳದಿ ಪಟ್ಟಿಗೆ (ತೂಕ ಕಡಿಮೆ ಅಂತ) ಬಿತ್ತು, ರಾಗಿ ಸರಿ ಶುರು ಮಾಡು ಅಂತ ಅತ್ತೆಯವರು ಹೇಳುತ್ತಿದ್ದಾರೆ, ಏನು ಮಾಡಲಿ ಅಂತ.

ಮೊದಲು ವಯಸ್ಸಿನ ಲೆಕ್ಕ ಸರಿ ಮಾಡಿಕೊಳ್ಳಿ. ದಿನ ತುಂಬುವ 40 ವಾರದಲ್ಲಿ 29 ಕಳೆದರೆ 11 ವಾರ, ಹೆಚ್ಚುಕಡಿಮೆ ಎರಡೂವರೆ ತಿಂಗಳು. ಬೆಳವಣಿಗೆಯ ಮಟ್ಟಿಗೆ ನಿಮ್ಮ ಮಗಳಿಗೆ ಈಗ ನಾಲ್ಕೂವರೆ ತಿಂಗಳು. ಏಳು ತಿಂಗಳ ಹೆಣ್ಣು ಮಗುವಿಗೆ ಹಸಿರು ಪಟ್ಟಿ ಶುರುವಾಗುವುದೇ 6 ಕೆಜಿಯಿಂದ, ನಾಲ್ಕೂವರೆ ತಿಂಗಳಿಗಾದರೆ ಸುಮಾರು 5.2ರಿಂದ. ಅದೇ 5.6 ಕೆಜಿ ಈಗ ಹಸಿರಿನೊಳಗೆ ಬಂತು. ಅಂಗನವಾಡಿಯವರದ್ದು ತಪ್ಪಲ್ಲ, ಅವರು ಹುಟ್ಟಿದ ತಾರೀಖು ಹಿಡಿದು ಎಣಿಸಿದ್ದಾರೆ. ತಾಯಿ ಕಾರ್ಡಿನ ಮೇಲೆ ಡ್ಯೂ ಡೇಟ್ ದೊಡ್ಡದಾಗಿ ಬರೆದಿಡಿ, ಎರಡು ವರ್ಷದವರೆಗೆ ಅಲ್ಲಿಂದಲೇ ಎಣಿಸಿ. ಲಸಿಕೆ ಮಾತ್ರ ಹುಟ್ಟಿದ ದಿನದಿಂದ. ಮಗು ಸಣ್ಣದು ಅಂತ ಅದನ್ನು ಮುಂದೂಡಬೇಡಿ.

ಹಸಿರು ಅಂದ ಮಾತ್ರಕ್ಕೆ ಸುಮ್ಮನಾಗುವಂತಿಲ್ಲ, ಮಗು ಕೆಳಗಿನ ಅಂಚಿಗೆ ಹತ್ತಿರವಿದೆ. ನಾನಾದರೆ ಒಂದು ದಿನದ ತೂಕಕ್ಕಿಂತ ಗೆರೆ ಹೋಗುವ ದಿಕ್ಕನ್ನು ನಂಬುತ್ತೇನೆ. ಈ ಹಂತದಲ್ಲಿ ತಿಂಗಳಿಗೆ 400–500 ಗ್ರಾಂ ಏರಿದರೆ ಚೆನ್ನ. ಎರಡು ತಿಂಗಳು ಸತತವಾಗಿ ಗೆರೆ ಮಲಗಿದರೆ ವೈದ್ಯರಿಗೆ ತೋರಿಸಲೇಬೇಕು. ನಿಮ್ಮ ಕಡೆಯ ಮಳೆಗಾಲದ ಚಳಿಗೆ ಸ್ವೆಟರ್, ಕುಲಾವಿ, ಒದ್ದೆ ನ್ಯಾಪ್ಕಿನ್ ಸಮೇತ ತೂಗಿಬಿಡುತ್ತಾರೆ. ಅಷ್ಟರಲ್ಲೇ ಅರ್ಧ ತಿಂಗಳ ತೂಕ ಸೇರಿಹೋಗುತ್ತದೆ. ಬಾಗಿಲು ಹಾಕಿ, ಬಟ್ಟೆ ಪೂರ್ತಿ ತೆಗೆದು, ಪ್ರತಿ ಸಲ ಒಂದೇ ತಕ್ಕಡಿಯಲ್ಲಿ ತೂಗಿಸಿ.

ತೂಕದ ಜೊತೆ ಉದ್ದ ಮತ್ತು ತಲೆಯ ಸುತ್ತಳತೆಯನ್ನೂ ಬರೆಸಿ. ದಿನ ತುಂಬದೆ ಹುಟ್ಟಿದ ಮಕ್ಕಳಲ್ಲಿ ಸಾಮಾನ್ಯವಾಗಿ ಮೊದಲು ತಲೆ, ಆಮೇಲೆ ತೂಕ, ಕೊನೆಗೆ ಉದ್ದ ಚೇತರಿಸಿಕೊಳ್ಳುತ್ತವೆ. ಹಾಗಾಗಿ ಮೈಗಿಂತ ತಲೆ ದೊಡ್ಡದಾಗಿ ಕಂಡರೆ ಅಷ್ಟಕ್ಕೇ ಗಾಬರಿ ಬೇಡ. ಆದರೆ ಅಳದೆ ಇರುವಾಗಲೂ ನೆತ್ತಿ ಉಬ್ಬಿದ್ದರೆ, ಪದೇ ಪದೇ ವಾಂತಿಯಾದರೆ, ಕಣ್ಣುಗುಡ್ಡೆ ಕೆಳಕ್ಕೇ ನೆಟ್ಟಿದ್ದರೆ ಅದೇ ದಿನ ಹಾಸನದ ಹಿಮ್ಸ್ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಮಿದುಳಿನಲ್ಲಿ ನೀರು ತುಂಬಿರಬಹುದು, ಇಷ್ಟು ಬೇಗ ಹುಟ್ಟಿದ ಮಕ್ಕಳಿಗೆ ಆ ಅಪಾಯ ಉಂಟು.

ಬಹಳ ಮನೆಗಳಲ್ಲಿ ತಪ್ಪುವುದು ಕಬ್ಬಿಣದ ಹನಿ. ಡಿಸ್ಚಾರ್ಜ್ ಚೀಟಿಯಲ್ಲಿ ಬರೆದಷ್ಟೇ ಹನಿ ತಿಂಗಳುಗಟ್ಟಲೆ ನಡೆಯುತ್ತಿರುತ್ತದೆ, ಮಗುವಿನ ತೂಕ ಮಾತ್ರ ಮೂರು ಪಟ್ಟಾಗಿರುತ್ತದೆ. ಕೆಜಿಗೆ ದಿನಕ್ಕೆ 2 ಮಿ.ಗ್ರಾಂ ಲೆಕ್ಕದಲ್ಲಿ ಡಿಸ್ಚಾರ್ಜ್ ದಿನ 1.8 ಕೆಜಿ ಇದ್ದಿದ್ದರೆ 3.6 ಮಿ.ಗ್ರಾಂ ಸಾಕಿತ್ತು, ಈಗ ಸುಮಾರು 11 ಬೇಕು. ಒಂದೊಂದು ಕಂಪನಿಯ ಬಾಟಲಿಯಲ್ಲಿ ಕಬ್ಬಿಣದ ಪ್ರಮಾಣ ಒಂದೊಂದು ಥರ, ಆದ್ದರಿಂದ ನೀವೇ ಹನಿ ಹೆಚ್ಚಿಸದೆ ಬಾಟಲಿಯನ್ನೂ ಈಗಿನ ತೂಕವನ್ನೂ ವೈದ್ಯರ ಮುಂದಿಟ್ಟು ಬರೆಸಿಕೊಳ್ಳಿ. ವಿಟಮಿನ್ ಡಿ ದಿನಕ್ಕೆ 400 ಯೂನಿಟ್, ತೂಕ ಏರಿದರೂ ಅಷ್ಟೇ.

ಇನ್ನು ರಾಗಿ ಸರಿಯ ವಿಷಯ. ಅತ್ತೆಯವರ ಕಾಳಜಿ ಅರ್ಥವಾಗುತ್ತದೆ, ಆದರೆ ಇನ್ನೂ ಒಂದೂವರೆ ತಿಂಗಳು ಎದೆಹಾಲೇ ಸಾಕು. 34 ವಾರಕ್ಕೆ ಮೊದಲೇ ಹುಟ್ಟಿದ ಮಕ್ಕಳಿಗೆ ಮೇಲಾಹಾರ ಶುರು ಮಾಡುವುದು ಡ್ಯೂ ಡೇಟಿನಿಂದ ಎಣಿಸಿ ನಾಲ್ಕು ತಿಂಗಳಿಗೋ ಆರಕ್ಕೋ ಅಂತ ಭಾರತದಲ್ಲೇ ಮಾಡಿದ ಅಧ್ಯಯನವೊಂದು 2017ರಲ್ಲಿ ಪ್ರಕಟವಾಯಿತು. ನಾಲ್ಕಕ್ಕೇ ಶುರು ಮಾಡಿದವರ ತೂಕವೇನೂ ಹೆಚ್ಚಲಿಲ್ಲ, ಆಸ್ಪತ್ರೆ ಸೇರಿದ್ದು ಮಾತ್ರ ಹೆಚ್ಚು. ನಿಮ್ಮ ಲೆಕ್ಕದಲ್ಲಿ ಆರು ತುಂಬುವುದು ಹುಟ್ಟಿ ಎಂಟೂವರೆ ತಿಂಗಳಿಗೆ. ಅಷ್ಟೊತ್ತಿಗೆ ಕತ್ತು ಗಟ್ಟಿಯಾಗಿ ನಿಂತು, ಆನಿಸಿಕೊಂಡು ಕೂರುವಂತಿರಬೇಕು.

ಅಲ್ಲಿಯವರೆಗೆ ಅತ್ತೆಯವರಿಂದ ಸರಿಹಿಟ್ಟು ಮಾಡಿಸಿಟ್ಟುಕೊಳ್ಳಿ. ರಾಗಿ ರಾತ್ರಿ ನೆನೆಹಾಕಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ಒಣಗಿಸಿ, ಬೀಸಿ, ವಸ್ತ್ರಗಾಳಿಸುವುದು. ಹುರಿಯುವುದಾದರೆ ಹದವಾಗಿ ಬೆಚ್ಚಗಾಗುವಷ್ಟೇ. ಮೊಳಕೆಯಲ್ಲಿರುವ ಕಿಣ್ವ ಹಿಟ್ಟಿನ ಪಿಷ್ಟವನ್ನು ಒಡೆಯುತ್ತದೆ, ಅದರಿಂದ ಸರಿ ತೀರಾ ಗಟ್ಟಿಯಾಗದೆ ಅಷ್ಟೇ ನೀರಿಗೆ ಹೆಚ್ಚು ಹಿಟ್ಟು ಹಿಡಿಯುತ್ತದೆ. ಕಮ್ಮಗೆ ಹುರಿದರೆ ಆ ಗುಣವೇ ಹೋಯಿತು. ನೀರುನೀರಾದ ಸರಿಯಿಂದ ಹೊಟ್ಟೆ ತುಂಬುತ್ತದೆ, ತೂಕ ಏರುವುದಿಲ್ಲ. ಚಮಚ ಓರೆ ಮಾಡಿದರೆ ಹರಿದು ಬೀಳಬಾರದು, ಅದೇ ಹದ. ಇಳಿಸಿದ ಮೇಲೆ ಅರ್ಧ ಟೀ ಚಮಚ ತುಪ್ಪ ಹಾಕಿ. ಒಂದು ವರ್ಷದವರೆಗೆ ಉಪ್ಪು, ಬೆಲ್ಲ, ಜೇನು ಬೇಡ.