ಬೂದಿ ಸುರಿದರೆ ಉಪ್ಪು ಇಳಿಯುವುದಿಲ್ಲ

ಪ್ರಶ್ನೆ: ಕುಶಾಲನಗರದ ಬಳಿ ಪಾಲಿಹೌಸಿನಲ್ಲಿ ಬೀನ್ಸ್ ಹಾಕಿದ್ದೇನೆ. ಎಲೆಯಂಚು ಸುಟ್ಟಂತಾಗಿದೆ, ಮಣ್ಣಿನ ಮೇಲೆ ಬಿಳಿ ಪುಡಿ ಎದ್ದಿದೆ. ಒಲೆಬೂದಿ, ಕಾಫಿ ಹಣ್ಣಿನ ಸಿಪ್ಪೆ ಹಾಕಿದರೆ ಉಪ್ಪು ಇಳಿಯುತ್ತದೆಯಂತೆ. ಎಷ್ಟು ಹಾಕಲಿ?

ಉತ್ತರ: ಬೂದಿ ಒಂದು ಹಿಡಿಯೂ ಬೇಡ. ಇದನ್ನು ಎಷ್ಟು ಸಲ ಬರೆಯಬೇಕೋ ತಿಳಿಯದು. ಬೂದಿಯಲ್ಲಿರುವುದೇ ನೀರಿಗೆ ಕರಗುವ ಪೊಟ್ಯಾಶ್ ಲವಣ. ಉಪ್ಪಾದ ಮಣ್ಣಿಗೆ ಇನ್ನಷ್ಟು ಉಪ್ಪು ಬಡಿಸಿದಂತೆ. ಹಸಿ ಕಾಫಿ ಸಿಪ್ಪೆಯೂ ಎಳೆ ಬೇರನ್ನು ಕೆಡಿಸುತ್ತದೆ.

ಆ ಬಿಳಿ ಪುಡಿ ಬಹುಮಟ್ಟಿಗೆ ನೀವೇ ಸುರಿದ ಗೊಬ್ಬರದ್ದು, ಜೊತೆಗೆ ಕೊಳವೆಬಾವಿ ನೀರಿನದ್ದು. ಹೊರಗೆ ಮಳೆ ತೊಳೆದುಬಿಡುತ್ತದೆ, ಸೂರಿನಡಿ ತೊಳೆಯುವವರಿಲ್ಲ. ನೀರು ಆವಿಯಾದಂತೆ ಲವಣ ಮೇಲಕ್ಕೇರಿ ಕೂರುತ್ತದೆ. ಆಗ ಮಣ್ಣು ಒದ್ದೆಯಿದ್ದರೂ ಬೇರಿಗೆ ನೀರೆಳೆಯಲಾಗದು. ತರಕಾರಿಗಳಲ್ಲಿ ಬೀನ್ಸ್ ತೀರಾ ನಾಜೂಕು: ಸಂತೃಪ್ತ ಮಣ್ಣಿನ ಸಾರದಲ್ಲಿ (ಮಣ್ಣಿಗೆ ನೀರು ತುಂಬಿಸಿ ಹೀರಿ ತೆಗೆದ ದ್ರವ) ವಿದ್ಯುತ್ ವಾಹಕತೆ, ಅಂದರೆ ಉಪ್ಪಿನ ಅಳತೆ, ಮೀಟರಿಗೆ 1 ಡೆಸಿಸೀಮನ್ಸ್ ದಾಟಿದರೆ ಇಳುವರಿ ಕುಗ್ಗತೊಡಗುತ್ತದೆ. ಟೊಮೆಟೊ 2.5ರವರೆಗೂ ತಾಳುತ್ತದೆ.

ಮೊದಲು ಗೊಬ್ಬರ ನಿಲ್ಲಿಸಿ. ಮಣ್ಣು, ನೀರು ಎರಡನ್ನೂ ಪರೀಕ್ಷೆಗೆ ಕೊಡಿ. ಇದಾಗದೆ ನನಗೆ ಮತ್ತೆ ಬರೆಯಬೇಡಿ. ಬಸಿಗಾಲುವೆ ಸರಿಯಿದ್ದರೆ ಒಳ್ಳೆಯ ನೀರನ್ನು ಧಾರಾಳವಾಗಿ ಹಾಯಿಸಿ ಲವಣವನ್ನು ಬೇರಿನ ಕೆಳಗಿಳಿಸಿ. ಬಸಿಯದಿದ್ದರೆ ಬೇರು ಕೊಳೆಯುತ್ತದೆ, ಎಚ್ಚರ. ಬೆಳೆ ಮುಗಿದ ಮೇಲೆ ಸಾಧ್ಯವಾದರೆ ಸೂರಿನ ಹಾಳೆ ತೆಗೆದು ಕಕ್ಕಡದ (ಜುಲೈ-ಆಗಸ್ಟ್‌ನ ಕೊಡವ ತಿಂಗಳು) ಮಳೆ ಬೀಳಲು ಬಿಡಿ.

ತ್ಯಾಜ್ಯದ ಸರದಿ ಆಮೇಲೆ. ಪಾತಿಗೆ ಭತ್ತದ ಹುಲ್ಲು ದಪ್ಪವಾಗಿ ಹೊದಿಸಿದರೆ ಆವಿಯಾಗುವುದು ತಗ್ಗಿ ಲವಣ ಮೇಲೇರುವುದೂ ತಗ್ಗುತ್ತದೆ. ಕಾಫಿ ಸಿಪ್ಪೆಯನ್ನು ಸಗಣಿಯೊಂದಿಗೆ ಬಿಸಿ ಆರಿ ಮಣ್ಣಿನ ವಾಸನೆ ಬರುವವರೆಗೆ ಕೊಳೆಸಿಯೇ ಬಳಸಿ. ಅದರಲ್ಲೂ ಪೊಟ್ಯಾಶ್ ಇದೆ, ಮಿತವಾಗಿರಲಿ. ಕೋಳಿ ಗೊಬ್ಬರ ಸದ್ಯಕ್ಕೆ ಬೇಡವೇ ಬೇಡ. ‘ಉಪ್ಪು ತಿನ್ನುವ ಪುಡಿ’ ಎಂದು ಪೊಟ್ಟಣ ಹಿಡಿದು ಬರುವವರನ್ನು ಗೇಟಿನಿಂದಲೇ ಕಳುಹಿಸಿ. ಸೋಡಿಯಂ, ಕ್ಲೋರೈಡ್‌ಗಳನ್ನು ತಿಂದು ಇಲ್ಲವಾಗಿಸುವ ಪುಡಿ ಯಾವುದೂ ಇಲ್ಲ.

ಪ್ರಶ್ನೆ: ತೆಂಗಿನ ನಾರಿನ ಪುಡಿ ಉಪ್ಪು ಹೀರುತ್ತದೆಯೇ?

ಉತ್ತರ: ತೊಳೆಯದ ಪುಡಿ ತಾನೇ ಉಪ್ಪು ಹೊತ್ತು ತರುತ್ತದೆ.

ಪ್ರಶ್ನೆ: ಎಪ್ಸಮ್ ಉಪ್ಪು ಹಾಕಬಹುದೇ?

ಉತ್ತರ: ಅದೂ ಲವಣವೇ. ಬೇಡ.

ಪ್ರಶ್ನೆ: ಮಡಿಕೇರಿಯ ನಮ್ಮ ಹಿತ್ತಲಲ್ಲಿ ಎಲೆ ಹಳದಿಯಾಗಿದೆ. ಉಪ್ಪಿಗೆಂದು ಜಿಪ್ಸಮ್ ಹಾಕಲೇ?

ಉತ್ತರ: ಅಷ್ಟು ಮಳೆ ಸುರಿಯುವ ತೆರೆದ ಮಣ್ಣಿನಲ್ಲಿ ಉಪ್ಪು ಎಲ್ಲಿ ನಿಲ್ಲುತ್ತದೆ? ನಿಮ್ಮದು ಹುಳಿ ಮಣ್ಣಿರಬೇಕು. ಜಿಪ್ಸಮ್ ಹುಳಿ ಇಳಿಸದು. ಪರೀಕ್ಷೆ ಮಾಡಿಸಿ, ಅದು ಹೇಳಿದಷ್ಟೇ ಕೃಷಿ ಸುಣ್ಣ ಹಾಕಿ.