ಟೈಮ್ ಕೊಡದೆ ವೇಗೋತ್ಕರ್ಷ ಕೇಳಿದ್ರೆ ಯಾವ ಫಾರ್ಮುಲಾ ಬಾಯಿಪಾಠ ಮಾಡ್ಬೇಕು?

ಎರಡು ಸ್ಪೀಡು, ಒಂದು ದೂರ, ಟೈಮ್ ಇಲ್ಲ ಅಂತ ನೀವು ಬರ್ದಿದ್ದು ಓದ್ತಿದ್ದಂಗೆ ನನ್ನ ಫಸ್ಟ್ ಪಿಯು ಮಿಡ್‌ಟರ್ಮ್ ಪೇಪರ್ ಕಣ್ಮುಂದೆ ಬಂತು. ಬಸ್ಸೊಂದು ಗಂಟೆಗೆ 36 ಕಿಲೋಮೀಟರಿಂದ 72ಕ್ಕೆ ಏರುತ್ತೆ, ಅಷ್ಟರಲ್ಲಿ 100 ಮೀಟರ್ ಹೋಗಿರುತ್ತೆ, ವೇಗೋತ್ಕರ್ಷ, ಅಂದ್ರೆ ಸೆಕೆಂಡು ಸೆಕೆಂಡಿಗೂ ಸ್ಪೀಡು ಏರೋ ಪ್ರಮಾಣ, ಎಷ್ಟು.

ವಿ ಸ್ಕ್ವೇರ್ ಮೈನಸ್ ಯು ಸ್ಕ್ವೇರ್ ಸಮ 2ಎಎಸ್ (ವಿ ಕೊನೇ ಸ್ಪೀಡು, ಯು ಮೊದಲ ಸ್ಪೀಡು, ಎ ವೇಗೋತ್ಕರ್ಷ, ಎಸ್ ದೂರ), ನಿದ್ದೆಗಣ್ಣಲ್ಲೂ ಹೇಳ್ತಿದ್ದೆ. ಸೆಕೆಂಡಿಗೆ ಮೀಟರ್ ಮಾಡೋಕೆ 5/18ರಿಂದ ಗುಣಿಸ್ಬೇಕು ಅನ್ನೋದೂ ಗೊತ್ತಿತ್ತು. ಎಡವಟ್ಟಾಗಿದ್ದು ಎಲ್ಲಿ ಅಂದ್ರೆ, ಎರಡು ಸಲ ಯಾರು ಗುಣಿಸ್ತಾರೆ, ಕೊನೆಗೆ ಒಂದೇ ಸಲ ಮಾಡಿದ್ರಾಯ್ತು ಅಂತ ಜಾಣತನ ತೋರಿಸೋಕೆ ಹೋಗಿ 72ರ ವರ್ಗ 5184, 36ರ ವರ್ಗ 1296, ಕಳೆದ್ರೆ 3888, ಅದಕ್ಕೆ 5/18 ಹಾಕ್ದೆ, 1080 ಬಂತು, ದೂರದ ಎರಡರಷ್ಟು, ಅಂದ್ರೆ 200ರಿಂದ ಭಾಗಿಸಿ 5.4 ಅಂತ ಬರ್ದು ಕೆಳಗೆ ಎರಡು ಗೆರೆ ಬೇರೆ ಎಳೆದೆ. ಸ್ಪೀಡು ವರ್ಗ ಆಗಿದೆ ಅಂದ್ಮೇಲೆ 5/18ನೂ ವರ್ಗ ಆಗ್ಬೇಕಲ್ವಾ! 25/324 ಹಾಕಿದ್ರೆ 300 ಬರ್ತಿತ್ತು, ಉತ್ತರ 1.5. ನಂದು ಕರೆಕ್ಟಾಗಿ 3.6 ಪಟ್ಟು ಜಾಸ್ತಿ, 18/5 ಅಂದ್ರೂ ಅದೇ 3.6, ಒಂದು ಸಲ ಗುಣಿಸೋದು ಬಿಟ್ಟಿದೀನಿ ಅಂತ ಉತ್ತರವೇ ಕೂಗಿ ಹೇಳ್ತಿತ್ತು. ಐದು ಮಾರ್ಕ್ಸು ಹೋಯ್ತು, ಪೇಪರ್ ಮೇಲೆ ಕೆಂಪು ಗೀಟು ಬಿಟ್ರೆ ಏನೂ ಇರ್ಲಿಲ್ಲ, ಯಾಕೆ ತಪ್ಪು ಅಂತ ಹೊಳೆಯೋಕೆ ಎರಡು ದಿನ ಬೇಕಾಯ್ತು.

ಅದೂ ಭರಮಸಾಗರದಿಂದ ದಾವಣಗೆರೆಗೆ ದಿನಾ ಬಸ್ಸಲ್ಲಿ ನಿಂತ್ಕೊಂಡು ಬರ್ತಿದ್ದೋನು ನಾನು. 5.4 ಅಂದ್ರೆ ಗುರುತ್ವದ 9.8ರಲ್ಲಿ ಅರ್ಧಕ್ಕಿಂತ ಜಾಸ್ತಿ, ಡ್ರೈವರ್ ಹಂಗೆ ಎಳೆದಿದ್ರೆ ನಿಂತಿದ್ದೋರೆಲ್ಲ ಹಿಂದಿನ ಸೀಟಲ್ಲಿ ಗುಡ್ಡೆ ಬೀಳ್ತಿದ್ವಿ. ನಮ್ಮ ಬಸ್ಸಿಗೆ 1.5 ಕೂಡ ಜಾಸ್ತೀನೇ ಬಿಡಿ.

ಅದಕ್ಕೇ ಯಾವ ಫಾರ್ಮುಲಾ ಅಂತ ಕೇಳ್ಲೇಬೇಡಿ. ಟೈಮ್ ಕೊಟ್ಟಿಲ್ಲ ಅನ್ನೋದೂ ಸುಳ್ಳು, ಅಲ್ಲೇ ಬಚ್ಚಿಟ್ಟಿರ್ತಾರೆ. ವೇಗೋತ್ಕರ್ಷ ಒಂದೇ ಸಮ ಇದ್ರೆ ಸರಾಸರಿ ವೇಗ ಎರಡರ ನಟ್ಟನಡುವೆ ಇರುತ್ತೆ. ಮೊದಲು 36, 72ನ್ನ ಸೆಕೆಂಡಿಗೆ 10, 20 ಮೀಟರ್ ಮಾಡ್ಕೊಳಿ, ಬೇರೆ ಏನೂ ಮುಟ್ಟೋಕೆ ಮುಂಚೆ. ಸರಾಸರಿ 15, 100 ಮೀಟರಿಗೆ 6.67 ಸೆಕೆಂಡು, ಅಷ್ಟರಲ್ಲಿ ಸ್ಪೀಡು 10 ಏರಿದೆ, 10ನ್ನ 6.67ರಿಂದ ಭಾಗಿಸಿ, ಅದೇ 1.5. ಗೈಡಲ್ಲಿ ಬಾಕ್ಸ್ ಹಾಕಿರೋ ಮೂರು ಸಮೀಕರಣದ ಮೇಲೆ ಬೆಣ್ಣೆದೋಸೆ ಪೊಟ್ಟಣ ಇಟ್ಕೊಂಡು ತಿನ್ನಿ, ನಂಗೇನೂ ಬೇಜಾರಿಲ್ಲ. ಬ್ರೇಕ್ ಹಾಕೋ ಲೆಕ್ಕ ಬಂದ್ರೂ ಇದೇ ದಾರಿ, ಮೈನಸ್ ಬಂತು ಅಂತ ಗಾಬರಿಯಾಗಿ ಅಳಿಸ್ಬೇಡಿ, ನಿಲ್ತಿರೋ ಬಸ್ಸಿಗೆ ಮೈನಸ್ಸೇ ಬರ್ಬೇಕು.